ಕಿವಿಯಿಂದ ಒಂದು ಗಜ ದೂರ

ಅವತ್ತು ಅಂಗಡಿ ತೆಗೆದು ಸ್ವಲ್ಪ ಹೊತ್ತಿಗೇ ಟೈಲರಣ್ಣನ ಎಡಗಿವಿ ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು. ಕಾರಣ ದೊಡ್ಡದೇನಲ್ಲ. ಬ್ಯಾಂಕ್ ಮ್ಯಾನೇಜರು ತಮ್ಮ ಹೊಸ ಕೋಟಿಗೆ ಎರಡು ಗುಂಡಿ ಇರಬೇಕೋ ಮೂರು ಇರಬೇಕೋ ಎಂದು ಫೋನಿನಲ್ಲಿ ಯೋಚಿಸಿದ್ದರು. ಮಾತಾಡಿದ್ದಲ್ಲ, ಯೋಚಿಸಿದ್ದು. ಅವರು ಯೋಚಿಸಿ ಮುಗಿಸುವ ತನಕ ಟೈಲರಣ್ಣ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡು ಕೈಯಲ್ಲೂ ಬಟ್ಟೆ ಹಿಡಿದು, ಒಂದು ಪ್ಯಾಂಟಿನ ಕಾಲನ್ನೇ ಹೊಲಿದು ಮುಗಿಸಿದ್ದ. ವರ್ಷಗಟ್ಟಲೆ ಹೀಗೇ ಮಾಡಿ ಅವನ ಕತ್ತು ಎಡಕ್ಕೆ ವಾಲಿಬಿಟ್ಟಿತ್ತು. ಫೋನು ಇಲ್ಲದಾಗಲೂ ಯಾರದೋ ಗುಟ್ಟಿಗೆ ಕಿವಿಗೊಟ್ಟವನ ಹಾಗೆ ಕಾಣುತ್ತಿದ್ದ.

"ತಲೆ ಸಿಡೀತಿದೆ ಕಣಯ್ಯ," ಎಂದು ಪಕ್ಕದ ಕ್ಷೌರದಂಗಡಿಯವನಿಗೆ ಹೇಳಿದ. ಅದೇ ತಪ್ಪಾಯಿತು.

ಕ್ಷೌರದವನು ಗಿರಾಕಿಯ ಗಲ್ಲಕ್ಕೆ ಹಚ್ಚಿದ ನೊರೆಯನ್ನು ಅಲ್ಲೇ ಒಣಗಲು ಬಿಟ್ಟು ಬಂದ. ಟೈಲರಣ್ಣನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ಇದು ತಲೆನೋವಲ್ಲ. ಫೋನಿನ ಕಿರಣ. ಒಳಗೆ ಮೆದುಳು ಬೇಯ್ತಾ ಇದೆ."

"ನಿನಗೆ ಹೇಗೆ ಗೊತ್ತು?"

"ದಿನಾ ಎಷ್ಟು ತಲೆ ನೋಡ್ತೀನಿ ನಾನು? ಬೆಂದದ್ದು ಯಾವುದು, ಬೇಯದ್ದು ಯಾವುದು ಗೊತ್ತಾಗಲ್ವಾ?"

ಟೈಲರಣ್ಣ ಟೇಪನ್ನು ಕೊರಳಿಗೆ ಹಾಕಿಕೊಂಡು ಔಷಧಿ ಅಂಗಡಿಗೆ ಓಡಿದ. ಅಲ್ಲಿನ ಅಕ್ಕ ಓದಿದವಳು, ತಲೆ ನೆಟ್ಟಗಿದ್ದವಳು. ಅವಳು ಸಮಾಧಾನವಾಗಿಯೇ ಹೇಳಿದಳು. "ಮೆದುಳು ಬೇಯೋದೆಲ್ಲ ಸುಳ್ಳು. ಫೋನಿನ ಅಲೆ ಬಹಳ ದುರ್ಬಲ, ಅದರಿಂದ ಕೇಡಾಗುತ್ತೆ ಅಂತ ಇನ್ನೂ ಯಾರೂ ಸಾಬೀತು ಮಾಡಿಲ್ಲ. ನಿಮ್ಮ ತಲೆನೋವಿಗೆ ಆ ಓರೆ ಕತ್ತೇ ಕಾರಣ ಇರಬಹುದು. ಅಷ್ಟು ಭಯ ಇದ್ದರೆ ಫೋನನ್ನ ತಲೆಯಿಂದ ದೂರ ಇಡಿ. ಇಯರ್‌ಫೋನ್ ಹಾಕ್ಕೊಳ್ಳಿ, ಇಲ್ಲ ಸ್ಪೀಕರಲ್ಲಿ ಮಾತಾಡಿ. ಸಿಗ್ನಲ್ ಕಡಿಮೆ ಇರೋ ಕಡೆ ಫೋನು ಜಾಸ್ತಿ ಶಕ್ತಿ ಹಾಕುತ್ತೆ, ಅಲ್ಲಿ ಮಾತು ಕಡಿಮೆ ಮಾಡಿ. ಅಷ್ಟೇ."

ಇಷ್ಟರಲ್ಲಿ ಟೈಲರಣ್ಣನ ತಲೆಗೆ ಆಗ ಹೊಕ್ಕದ್ದು 'ದೂರ ಇಡಿ' ಎಂಬುದೊಂದೇ. ಎಷ್ಟು ದೂರ ಎಂದು ಅವಳು ಹೇಳಿರಲಿಲ್ಲ. ಅವನೇ ಗೊತ್ತುಮಾಡಿದ. "ಇವತ್ತಿನಿಂದ ನನ್ನ ಕಿವಿಗೂ ಫೋನಿಗೂ ಒಂದು ಗಜ ಅಂತರ. ಪ್ರಪಂಚ ಮುಳುಗಿದರೂ ಸರಿ." ಅಕ್ಕ ಔಷಧಿಯ ಜೊತೆ ಮಾರುತ್ತಿದ್ದ ಇಯರ್‌ಫೋನುಗಳಲ್ಲಿ ಉಳಿದಿದ್ದ ಒಂದೇ ಒಂದನ್ನೂ ಕೊಂಡುಕೊಂಡ.

ಫೋನನ್ನು ಮುಚ್ಚಿಟ್ಟು ಕೂರೋಣವೆಂದರೆ ಅವತ್ತು ಆಗುವ ಹಾಗಿರಲಿಲ್ಲ. ಶಾಲೆಯ ದೊಡ್ಡ ಮೇಡಮ್ಮು ಫೋನು ಮಾಡುವವರಿದ್ದರು. ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ಇವನಿಗೋ, ದೊಡ್ಡ ಬೀದಿಯ ದೊಡ್ಡ ಅಂಗಡಿಗೋ ಎಂಬುದು ಅವತ್ತೇ ತೀರ್ಮಾನ. ಸಿಕ್ಕಿದರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ಬಾಗಿಲು ಹಾಕಿ, ಹೆಂಡತಿಯ ಅಣ್ಣನ ಬಟ್ಟೆ ಕಾರ್ಖಾನೆಗೆ ಹೋಗಿ, ಬದುಕಿರುವಷ್ಟು ಕಾಲ ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕೂರಬೇಕು. ಕೋಟು ಕತ್ತರಿಸುವ ಕೈ ಅದು. ಗುಂಡಿ ಹಚ್ಚುವುದಕ್ಕಿಂತ ಆ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಉಪವಾಸ ಬೀಳುತ್ತೇನೆ ಎಂದು ಅವನು ಮನೆಯಲ್ಲಿ ಹೇಳಿದ್ದ. ಹೆಂಡತಿ, "ನೀವು ಬೀಳಿ, ನಾನು ಬೀಳಲ್ಲ," ಎಂದಿದ್ದಳು.

ಇಯರ್‌ಫೋನು ಕಿವಿಗೇರಿತು. ಫೋನು ಒಂದು ಗಜ ಆಚೆ ಸ್ಟೂಲಿನ ಮೇಲೆ ಕೂತಿತು. ಟೈಲರಣ್ಣ ಮ್ಯಾನೇಜರ ಕೋಟಿನ ತೋಳಿಗೆ ಒಳಬಟ್ಟೆ ಕೂರಿಸಲು ಯಂತ್ರ ತುಳಿದ. ಮೇಡಮ್ಮಿನ ಫೋನು ಈಗ ಬಂತು, ಆಗ ಬಂತು ಎಂದು ಕಣ್ಣೆಲ್ಲ ಸ್ಟೂಲಿನ ಮೇಲೆ. ಹೊಲಿಗೆ ಮುಗಿಯುವ ಹೊತ್ತಿಗೆ ಮ್ಯಾನೇಜರು ಬಂದು, ತೋಳು ತೂರಿಸಿ, ಕನ್ನಡಿಯ ಕಡೆ ಹೆಜ್ಜೆ ಹಾಕಿದರು. ಟೈಲರಣ್ಣನೂ ಅವರ ಹಿಂದೆಯೇ ಎದ್ದು ಹೊರಟ. ಅವರು ಬಲಕ್ಕೆ ತಿರುಗಿದರೆ ಇವನೂ ಬಲಕ್ಕೆ. ಅವರು ಎಡಕ್ಕೆ, ಇವನೂ ಎಡಕ್ಕೆ. ಸ್ಟೂಲಿನ ಮೇಲಿದ್ದ ಫೋನೂ ಹಿಂದಿನಿಂದ ದಡಬಡ ಬಂತು.

"ಯಾಕ್ರೀ ನನ್ನ ಬೆನ್ನು ಹತ್ತಿದೀರಿ?"

"ನಾನಲ್ಲ ಸಾರ್. ನಿಮ್ಮ ಕೋಟು ಎಳೀತಿದೆ."

ಇಯರ್‌ಫೋನಿನ ತಂತಿಯನ್ನು ಅವನು ತೋಳಿನೊಳಗೆ ಸೇರಿಸಿ ಹೊಲಿದುಬಿಟ್ಟಿದ್ದ. ಹೊಲಿಗೆಯೂ ಎಂಥದು, ಅವನ ಹೊಲಿಗೆ. ಬಿಚ್ಚಲು ಬರಲಿಲ್ಲ. ಕತ್ತರಿ ತೆಗೆದು ತಂತಿಯನ್ನೇ ಕತ್ತರಿಸಿದ. ಮ್ಯಾನೇಜರು ತೋಳಿನಿಂದ ಬಾಲ ನೇತಾಡುತ್ತಿದ್ದ ಕೋಟನ್ನು ಅಲ್ಲೇ ಎಸೆದು ಬ್ಯಾಂಕಿಗೆ ಹೋದರು.

ಬೇರೆಯವನಾಗಿದ್ದರೆ ಇಲ್ಲಿಗೆ ಬಿಡುತ್ತಿದ್ದ. ಟೈಲರಣ್ಣ ಬಿಡಲಿಲ್ಲ. ಫೋನನ್ನು ದಾರದುಂಡೆಗಳ ಕಪಾಟಿನ ಮೇಲಿಟ್ಟು, ಸ್ಪೀಕರ್ ಹಾಕಿ, ಧ್ವನಿಯನ್ನು ಪೂರ್ತಿ ಏರಿಸಿದ.

ಮೊದಲು ಹೆಂಡತಿಯ ಕರೆ. "ಶಾಲೆಯವರು ಮಾಡಿದ್ರಾ? ಸಂಜೆ ನಮ್ಮಣ್ಣ ಬರ್ತಾನೆ, ನಿಮ್ಮ ಬಾಯಿಂದ ಇವತ್ತು ಹೂಂ ಅನ್ನಿಸಿಕೊಂಡೇ ಹೋಗ್ತಾನಂತೆ. ಅಂಗಡಿ ಮುಚ್ಚೋ ವಿಷಯ ಆ ಕ್ಷೌರದವನ ಹತ್ರ ಮಾತ್ರ ಬಾಯಿ ಬಿಡಬೇಡಿ. ಅವನ ಕಿವಿಗೆ ಬಿದ್ದರೆ ಬೀದಿಗೇ ಬಿದ್ದ ಹಾಗೆ."

ಕ್ಷೌರದವನು ಬಾಗಿಲಲ್ಲೇ ನಿಂತಿದ್ದ. "ನಾನು ಹೇಳಲ್ಲ ಅತ್ತಿಗೆ," ಎಂದು ಕಪಾಟಿಗೆ ಕೂಗಿದ. "ಹೇಳೋಕೆ ಇಲ್ಲಿ ಯಾರೂ ಉಳಿದಿಲ್ಲ. ಎಲ್ಲರೂ ಕೇಳಿಸಿಕೊಂಡ್ರು."

ಆ ಕಡೆ ಫೋನು ಪಟ್ಟನೆ ಕಡಿಯಿತು. 

ಆಮೇಲೆ ಮ್ಯಾನೇಜರು. ಸಿಟ್ಟಿದ್ದರೂ ಸಂಜೆಗೆ ಸೂಟು ಬೇಕೇ ಬೇಕಿತ್ತು. ಪಿಸುಮಾತಿನಲ್ಲೇ ಶುರುಮಾಡಿದರು. ಸ್ಪೀಕರು ಆ ಪಿಸುಮಾತನ್ನು ಬೀದಿಯ ಕೊನೆಯ ತನಕ ಮುಟ್ಟಿಸಿತು. "ಪ್ಯಾಂಟಿನ ಸೊಂಟ ಮೂರು ಇಂಚು ಬಿಡ್ರಿ. ನಾನೇ ಅಳೆದೆ. ಯಾರಿಗೂ ಹೇಳಬೇಡಿ, ಬ್ಯಾಂಕಲ್ಲಿ ಎಲ್ಲರಿಗೂ ಸಣ್ಣಗಾಗಿದೀನಿ ಅಂತ ಹೇಳಿದೀನಿ."

ಕ್ಷೌರದ ಕುರ್ಚಿಯಲ್ಲಿ ನೊರೆ ಒಣಗಿಸಿಕೊಂಡು ಕೂತಿದ್ದವನು ಅದೇ ಬ್ಯಾಂಕಿನ ಜವಾನ. ಅವನು ನಕ್ಕ ನಗೆಗೆ ಒಣಗಿದ ನೊರೆ ಪುಡಿಪುಡಿಯಾಗಿ ಉದುರಿತು. ಆ ನಗು ಫೋನಿನೊಳಗಿಂದ ಮ್ಯಾನೇಜರಿಗೂ ಕೇಳಿಸಿತು.

ಅವರು ಮತ್ತೆ ಬರುವಷ್ಟರಲ್ಲಿ ಟೈಲರಣ್ಣ ಇನ್ನೊಂದು ಕೆಲಸ ಮಾಡಿದ್ದ. ಎರಡು ಎತ್ತರದ ಕಟ್ಟಡಗಳ ನಡುವೆ ಅವನ ಅಂಗಡಿ ತುಟಿಗಳ ನಡುವಿನ ಬೀಡಿಯ ಹಾಗೆ ಸಿಕ್ಕಿಕೊಂಡಿತ್ತು. ಅಲ್ಲಿ ಸಿಗ್ನಲ್ಲು ಒಂದೇ ಕಡ್ಡಿ. ಸಿಗ್ನಲ್ಲಿನ ಬಗ್ಗೆ ಅಕ್ಕ ಹೇಳಿದ್ದು ಈಗ ನೆನಪಾಗಿ ಅವನು ಫೋನನ್ನು ಎತ್ತಿ ಬೀದಿಯ ಆಚೆ ಮೋಟುಗೋಡೆಯ ಮೇಲೆ ಇಟ್ಟುಬಂದ. ಅಲ್ಲಿ ಕಡ್ಡಿಗಳೆಲ್ಲ ತುಂಬಿದವು.

"ಗಂಟಲಿದೆ, ಇಲ್ಲಿಂದಲೇ ಕೂಗಿ ಮಾತಾಡ್ತೀನಿ," ಎಂದ.

"ಗಂಟಲಿಗೆ ಆಮೇಲೆ ನನ್ನ ಹತ್ರ ಮಾತ್ರೆ ತಗೊಳ್ಳಿ," ಎಂದಳು ಅಕ್ಕ. ಅವಳೂ ಅಂಗಡಿ ಬಿಟ್ಟು ನೋಡಲು ಬಂದಿದ್ದಳು.

ಮ್ಯಾನೇಜರು ಬಂದವರೇ ಬಾಯಿಗೆ ಬಂದಂತೆ ಬೈದು, ಬೈಯುತ್ತಲೇ ಪ್ಯಾಂಟು ಹಾಕಿಕೊಂಡು ನಿಂತರು. ಟೈಲರಣ್ಣ ಅವರ ಸೊಂಟಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು, ಬಾಯಿ ತುಂಬಾ ಗುಂಡುಸೂಜಿ ಕಚ್ಚಿಕೊಂಡು, ಒಂದೊಂದಾಗಿ ಚುಚ್ಚತೊಡಗಿದ. ಆಗ ಗೋಡೆಯ ಮೇಲೆ ಫೋನು ಬಡಿದುಕೊಂಡಿತು. ಶಾಲೆಯ ಮೇಡಮ್ಮು.

ಕೈ ಬಿಟ್ಟರೆ ಪ್ಯಾಂಟು ಬೀಳುತ್ತದೆ. ಬಾಯಿ ಬಿಟ್ಟರೆ ಸೂಜಿ ಗಂಟಲಿಗಿಳಿಯುತ್ತದೆ. ಟೈಲರಣ್ಣ "ಉಂ ಉಂ" ಎಂದು ಕಣ್ಣರಳಿಸಿದ. ಕ್ಷೌರದವನು ಬೀದಿ ದಾಟಿ ಗುಂಡಿ ಒತ್ತಿಯೇಬಿಟ್ಟ.

"ಟೈಲರ್ ಇದಾರಾ?"

"ಇದಾರೆ ಮೇಡಂ. ಬಾಯಿ ಖಾಲಿ ಇಲ್ಲ. ನಾನು ಅವರ ತಮ್ಮ ಇದ್ದ ಹಾಗೆ, ನನ್ನ ಹತ್ರ ಹೇಳಿ."

"ನೋಡಿ, ಶಾಲೆಗೆ ರಜಾ. ಮಕ್ಕಳೆಲ್ಲ ಒಂದೊಂದು ದಿಕ್ಕಿಗೆ ಹೋಗಿದಾರೆ. ನನಗೆ ಶಾಲೆ ಶುರುವಾದ ದಿನವೇ ಬಟ್ಟೆ ಬೇಕು. ಮಕ್ಕಳು ಬಂದ ಮೇಲೆ ಅಳತೆ ತಗೋತೀವಿ ಅಂತ ದೊಡ್ಡ ಅಂಗಡಿಯವರು ಹೇಳ್ತಾರೆ. ನೀವೇನಂತೀರಿ?"

"ಉಂ ಉಂ ಉಂ," ಎಂದು ಟೈಲರಣ್ಣ ಅಲ್ಲಿಂದಲೇ ತಲೆ ಅಲ್ಲಾಡಿಸಿದ. ತಲೆ ಅಲ್ಲಾಡಿದ್ದು ಓರೆ ಕತ್ತಿನ ಮೇಲೆ. ಬೇಡ ಅಂದನೋ ಆಗಲಿ ಅಂದನೋ ಹೆತ್ತ ತಾಯಿಗೂ ಗೊತ್ತಾಗುತ್ತಿರಲಿಲ್ಲ.

"ಆಗಲಿ ಅಂತಿದಾರೆ," ಎಂದು ಅಕ್ಕ ಅರ್ಥ ಹೇಳಿದಳು.

ಕ್ಷೌರದವನಿಗೆ ಹುರುಪು ಬಂತು. "ಮಕ್ಕಳು ಯಾಕೆ ಬರಬೇಕು ಮೇಡಂ? ನಮ್ಮಣ್ಣ ಫೋನಲ್ಲೇ ಅಳತೆ ತಗೋತಾರೆ. ಈಗಷ್ಟೇ ಬ್ಯಾಂಕ್ ಮ್ಯಾನೇಜರ ಸೊಂಟ ತಗೊಂಡ್ರು. ಅಷ್ಟು ದೊಡ್ಡ ಸೊಂಟವೇ ಫೋನಲ್ಲಿ ಹಿಡಿಸಿದ ಮೇಲೆ ಮಕ್ಕಳದ್ದೇನು ಲೆಕ್ಕ?"

ಮ್ಯಾನೇಜರು ಸಿಟ್ಟಿನಿಂದ ತಿರುಗಿದರು. ಸೂಜಿ ಚುಚ್ಚಿತು. ಅವರು ಕಿರುಚಿದ ರಭಸಕ್ಕೆ ಟೈಲರಣ್ಣ ಸೂಜಿಗಳನ್ನೆಲ್ಲ ಉಗುಳಿ ಬೀದಿಗೆ ಓಡಿದ. ಪ್ಯಾಂಟಿನ ಕತೆ ಏನಾಯಿತೆಂದು ಬ್ಯಾಂಕಿನ ಜವಾನನನ್ನು ಕೇಳಬೇಕು.

"ಮೇಡಂ, ನಾನೇ ಟೈಲರ್. ಅವನ ಮಾತು..."

"ಬಹಳ ಸಂತೋಷ ಟೈಲರ್. ಇದು ನನಗೆ ಹೊಳೆದೇ ಇರಲಿಲ್ಲ. ಕೆಲಸ ನಿಮಗೇ. ನಿಮ್ಮ ನಂಬರು ಈಗಲೇ ಎಲ್ಲ ಮಕ್ಕಳ ಮನೆಗೂ ಕಳಿಸ್ತೀನಿ, ಒಬ್ಬೊಬ್ಬರಾಗಿ ಫೋನ್ ಮಾಡ್ತಾರೆ."

ಬೀದಿ ಚಪ್ಪಾಳೆ ತಟ್ಟಿತು. ಟೈಲರಣ್ಣನ ಕಣ್ಣಲ್ಲಿ ನೀರು ಬಂತು. ಭಾವ ಸಂಜೆ ಬರಲಿ, ಕಾಫಿ ಕುಡಿದು ಹೋಗಲಿ. ಗುಂಡಿ ಹಚ್ಚುವ ಮಾತು ಇನ್ನಿಲ್ಲ. ಮನೆಮನೆಯಿಂದ ಬರುವ ಫೋನುಗಳಾ? ಬರಲಿ. ಗೋಡೆ ಇದೆ, ಗಂಟಲಿದೆ.

"ಅಂದ ಹಾಗೆ, ಅದೇನು ಚಪ್ಪಾಳೆ?" ಎಂದರು ಮೇಡಮ್ಮು. "ನನ್ನ ಮಾತು ಎಲ್ಲರೂ ಕೇಳ್ತಿದಾರಾ?"

"ಸ್ಪೀಕರಲ್ಲಿದೆ ಮೇಡಂ. ಅದು ಆರೋಗ್ಯಕ್ಕೆ..."

"ಬೇಡ. ನಮ್ಮ ಹೆಣ್ಣುಮಕ್ಕಳ ಅಳತೆ ಬೀದೀಲಿ ಕೂಗೋ ಹಾಗಿಲ್ಲ. ಒಂದೇ ಒಂದು ಮನೆಯವರು ದೂರು ಹೇಳಿದರೂ ಕೆಲಸ ದೊಡ್ಡ ಅಂಗಡಿಗೆ ಹೋಗುತ್ತೆ. ಅಂಗಡಿ ಒಳಗೆ ಕೂತು, ಫೋನು ಕಿವಿಗೆ ಹಿಡಿದು ಮಾತಾಡಿ."

ಟೈಲರಣ್ಣ ಅಕ್ಕನ ಮುಖ ನೋಡಿದ. "ಇದ್ದದ್ದು ಅದೊಂದೇ ಇಯರ್‌ಫೋನು," ಎಂದಳು ಅವಳು. "ಹೊಸ ಸರಕು ಮುಂದಿನ ವಾರ."

ಕ್ಷೌರದವನು ಅವನ ಬೆನ್ನು ಸವರಿದ. "ಯೋಚನೆ ಮಾಡಬೇಡ. ಈ ಕಿವಿ ಬೆಂದರೆ ಆ ಕಡೆ ಇನ್ನೊಂದಿದೆ."

ಅವನನ್ನು ಬೈಯಲು ಟೈಲರಣ್ಣ ಬಾಯಿ ತೆರೆದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹಲ್ಲು ಕಚ್ಚಿಕೊಂಡು, ಒಂದೇ ಕಡ್ಡಿಯ ಅಂಗಡಿಯೊಳಗೆ ಹೋಗಿ, ಅದನ್ನು ಕಿವಿಗೊತ್ತಿದ.

"ಟೈಲರಾ?" ಎಂದಿತು ಒಂದು ಹೆಣ್ಣುದನಿ. "ನಮ್ಮ ಅವಳಿಜವಳಿಗಳದ್ದು ಅಳತೆ ಕೊಡಬೇಕಿತ್ತು. ಇಬ್ಬರೂ ಮರ ಹತ್ತಿ ಕೂತಿದಾರೆ, ಇಳಿಸ್ತೀನಿ. ಅಲ್ಲೀವರೆಗೆ ಫೋನ್ ಇಡಬೇಡಿ ಅಣ್ಣಾ, ಹಾಗೇ ಹಿಡ್ಕೊಂಡಿರಿ."