ಕಲ್ಯಾಣಮ್ಮ ಲಾಡ್ಜಿಗೆ ಮುಖ ತೊಳೆಸಿದ್ದು

ಮೂರು ದಿನದಿಂದ ಆ ಲಾಡ್ಜಿನ ಮುಂದೆ ನಿಂತದ್ದು ಒಂದೇ ಒಂದು ಲಾರಿ. ಅದೂ ಪಂಕ್ಚರ್ ಆಗಿ. ಡ್ರೈವರ್ ಗಾಲಿ ಬಿಚ್ಚುತ್ತಿದ್ದಾಗ ಕಲ್ಯಾಣಮ್ಮ ಹೊರಗೆ ಬಂದು, "ರೂಮು ಖಾಲಿ ಅದಾವ. ಎಣ್ಣಿ ಚೆಲ್ಲಿದ್ರ ನೀನ ಒರಸಬೇಕು" ಎಂದಳು. ಅವನು ತಲೆ ಎತ್ತಿ ಕಟ್ಟಡವನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಆಮೇಲೆ ಸ್ಪ್ಯಾನರನ್ನು ಇನ್ನೂ ಜೋರಾಗಿ ತಿರುಗಿಸಿದ.

"ಕಟ್ಟಡ ನೋಡಿ ಹೆದರಿದ" ಎಂದು ಕಲ್ಯಾಣಮ್ಮ ತೀರ್ಮಾನಿಸಿದಳು.

ಮಸ್ಕಿ ದಾಟಿ ಸಿಂಧನೂರಿನ ಕಡೆ ಹೊರಟರೆ ಎಡಕ್ಕೆ ಸಿಗುವ ಆರು ರೂಮಿನ ಲಾಡ್ಜು ಅದು. ಅವಳ ಗಂಡ ಜಂಬಣ್ಣ ಕಟ್ಟಿಸಿದ್ದು. ಅವನಿದ್ದಾಗ ಅವನು ಹೊರಗೆ ಕೂತು ಮಾತಾಡುತ್ತಿದ್ದ, ಇವಳು ಒಳಗಿನದು ನೋಡುತ್ತಿದ್ದಳು. ಅವನು ಹೋಗಿ ಹದಿನಾಲ್ಕು ತಿಂಗಳಾಯಿತು. ಈಗ ಅವನ ಕುರ್ಚಿಯಲ್ಲಿ ಇವಳೇ ಕೂರುತ್ತಾಳೆ. ಕುರ್ಚಿ ಅದೇ, ಮಾತು ಬೇರೆ. "ಕಾಲು ಒರಸಿ ಬಾ. ಬೀಡಿ ಹೊರಗ. ಟವಲ್ಲು ಎಣಿಸಿ ಕೊಟ್ಟೀನಿ, ಎಣಿಸಿ ತಗೋತೀನಿ." (ಇದು ಅವಳ ಸ್ವಾಗತ ಭಾಷಣ. ಬೈಗುಳ ಬೇರೆ ಇವೆ.)

ಜಾಗ ಅಣ್ಣ ತಮ್ಮ ಇಬ್ಬರ ಹೆಸರಿನಲ್ಲಿತ್ತು. ತಮ್ಮ ಸಂಗನಬಸವ ಮಸ್ಕಿಯಲ್ಲಿ ಭತ್ತದ ವ್ಯಾಪಾರಿ. ಅವನಿಗೆ ಚೀಲ ಇಡಲು ಗೋದಾಮು ಬೇಕಿತ್ತು. ಒಂದು ದಿನ ಬಂದು ಖಾಲಿ ರೂಮುಗಳ ಬಾಗಿಲು ಒಂದೊಂದಾಗಿ ತೆಗೆದು ನೋಡಿ ಹೇಳಿದ:

"ಅತ್ತಿಗಿ, ಸಿಟ್ಟಾಗಬ್ಯಾಡ. ಇಲ್ಲಿ ಜಿರಳಿ ಬಿಟ್ರ ಯಾರೂ ಇಳಕೊಳ್ಳಾಕತ್ತಿಲ್ಲ. ಈಗ ಭತ್ತದ ಕಟಾವಿನ ಮಷೀನಿನ ಮಂದಿ ಬರೂ ಟೈಮು. ಐತ್ವಾರ ಬರ್ತೀನಿ. ಆರೂ ರೂಮು ತುಂಬಿದ್ದು ನನ್ನ ಕಣ್ಣಿಗೆ ತೋರಿಸು, ನಾ ಬಾಯಿ ಮುಚ್ಚತೀನಿ. ಇಲ್ಲಾಂದ್ರ ಗೋದಾಮು."

"ನಿನ್ನ ಚೀಲದ ಜೋಡಿ ನನ್ನೂ ಪೇರಿಸಿ ಇಡು" ಎಂದಳು ಕಲ್ಯಾಣಮ್ಮ. ಅವನು ಹೋದ ಮೇಲೆ ಆರೂ ಬಾಗಿಲು ಒಂದೊಂದಾಗಿ ಎಳೆದು ಮುಚ್ಚಿದಳು. ಗಂಡ ಕಟ್ಟಿಸಿದ ರೂಮಿನಲ್ಲಿ ಚೀಲ ಮಲಗುವುದು ಅವಳಿಗೆ ಬೇಕಿರಲಿಲ್ಲ.

ಎರಡು ಕಿಲೋಮೀಟರು ಮುಂದೆ ಹೊಸ ಲಾಡ್ಜು ಬಂದಿತ್ತು. ಮೈತುಂಬ ನೀಲಿ ಗಾಜು. ಗಾಡಿಗಳೆಲ್ಲ ಅಲ್ಲಿಗೆ ಹೋಗುತ್ತಿದ್ದವು. ಹಾಗಾಗಿ ರೋಗ ಯಾವುದೆಂದು ಕಲ್ಯಾಣಮ್ಮನಿಗೆ ಗೊತ್ತಾಯಿತು.

"ಲೇ ಸರ್ದಾರಬಿ, ನಮ್ಮ ಲಾಡ್ಜಿಗೆ ಮುಖ ತೊಳಸಬೇಕು. ಹೊರಗಿಂದು ಚಂದ ಇದ್ರ ಮಂದಿ ತಾವ ಬರ್ತಾರ."

ಸರ್ದಾರಬಿ ಇಪ್ಪತ್ತು ವರ್ಷದಿಂದ ಅಲ್ಲಿ ಕಸ ಗುಡಿಸಿ ಅಡಿಗೆ ಮಾಡಿಕೊಂಡಿದ್ದವಳು. "ಒಳಗಿಂದೂ ಒಂಚೂರು ನೋಡಬೇಕಕ್ಕಾ" ಎಂದಳು.

"ಒಳಗೇನಾಗೇತಿ? ನೆಲದ ಮ್ಯಾಲ ಊಟ ಬಡಿಸಬಹುದು, ಅಷ್ಟು ಸ್ವಚ್ಛ ಐತಿ."

"ನೆಲದ್ದು ಅಲ್ಲ ಬಿಡು" ಎಂದು ಸರ್ದಾರಬಿ ಪೊರಕೆ ಎತ್ತಿಕೊಂಡಳು. ಮಾತು ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವಳಿಗೆ ಗೊತ್ತಿತ್ತು.

ಸೌಂದರ್ಯೀಕರಣ ಮಹಾಕಾರ್ಯ ಸೋಮವಾರ ಶುರುವಾಯಿತು. ಬಣ್ಣ ಹಚ್ಚಲು ಅಮೀನ್‌ಸಾಬ್ ಬಂದ. ಕೆಳಗೆ ಗಿಳಿ ಹಸಿರು, ಮೇಲೆ ಗುಲಾಬಿ, ನಡುವೆ ಬಾಳೆಗೊನೆಯ ಚಿತ್ರ ಎಂದು ಅವನು ಮೊದಲೇ ಮನಸ್ಸಿನಲ್ಲಿ ಹಚ್ಚಿ ಮುಗಿಸಿದ್ದ.

"ಬಿಳಿ ಹಚ್ಚು" ಎಂದಳು ಕಲ್ಯಾಣಮ್ಮ.

"ಪೂರಾ ಬಿಳೀನಾ? ಅಮ್ಮಾ, ಅದು ಒಂಥರಾ..."

"ಬಿಳೀದ್ರಾಗ ಹೊಲಸು ಕಾಣತೈತಿ. ಕಂಡ್ರ ಒರಸಬಹುದು. ನಿನ್ನ ಹಸಿರು ಹೊಲಸನ್ನ ಮುಚ್ಚಿ ಇಟಗೋತೈತಿ."

ಅಮೀನ್‌ಸಾಬ್ ಬಿಳಿ ಹಚ್ಚಿದ.

ಬಿಸಿಲಲ್ಲಿ ಬಂದವರು ಎಲ್ಲಿ ನಿಲ್ಲಬೇಕು? ಮಸ್ಕಿಯಿಂದ ಶಾಮಿಯಾನ ತರಿಸಿ ಅಂಗಳದಲ್ಲಿ ಹಾಕಿಸಿದಳು. ಕೆಳಗೆ ನಲವತ್ತು ಪ್ಲಾಸ್ಟಿಕ್ ಕುರ್ಚಿ, ಸಾಲಾಗಿ. ಇನ್ನು ಬಿಸಿನೀರು. ಬೋರ್ಡಿನ ಮೇಲೆ ಬರೆದರೆ ಯಾರು ನಂಬುತ್ತಾರೆ, ಕಣ್ಣಿಗೆ ಕಾಣಬೇಕು. ಹಿತ್ತಲಲ್ಲಿದ್ದ ದೊಡ್ಡ ತಾಮ್ರದ ಹಂಡೆಯನ್ನು ಮುಂದೆ ತಂದು, ಮೂರು ಕಲ್ಲಿನ ಮೇಲೆ ಇಟ್ಟು, ಕಟ್ಟಿಗೆಯ ಮೋಪು ಒಟ್ಟಿಸಿ ಬೆಂಕಿ ಹಾಕಿಸಿದಳು. ಹೊಗೆ ಅರ್ಧ ಮೈಲಿಗೆ ಕಾಣುತ್ತಿತ್ತು.

ಕೊನೆಗೆ ಫ್ಲೆಕ್ಸು. ಮಸ್ಕಿಯ ಸೊಹೇಲ್‌ನ ಅಂಗಡಿಗೆ ತಾನೇ ಹೋದಳು. ಜಂಬಣ್ಣ ಹಳದಿ ರುಮಾಲು ಸುತ್ತಿ ನಗುತ್ತಿದ್ದ ಫೋಟೋ ಕೊಟ್ಟಳು.

"ಇದನ್ನ ಬಾಗಿಲದಷ್ಟು ದೊಡ್ಡದು ಮಾಡು. ಮ್ಯಾಲ ಹೂವಿನ ಮಾಲಿ. ಎರಡೂ ಬಾಜೂ ಹಚ್ಚಿದ ದೀಪ. ಕೆಳಗ ಹೆಸರು."

ಸೊಹೇಲ್ ಕಂಪ್ಯೂಟರ್ ನೋಡಿದ, ಅವಳನ್ನು ನೋಡಿದ. "ಅಮ್ಮಾ, ಇದು ಬ್ಯಾರೆ ಥರಾ ಕಾಣತೈತಿ ನೋಡ್ರಿ."

"ಹೆಂಗ ಕಾಣತೈತಿ?"

ಅವಳ ಧ್ವನಿ ಕೇಳಿ ಅವನು ಮತ್ತೆ ಕಂಪ್ಯೂಟರಿಗೆ ತಿರುಗಿದ. "ಚಂದ ಕಾಣತೈತ್ರಿ."

ಸಂಗನಬಸವ ಹೇಳಿದ್ದ ಭಾನುವಾರ ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಕಲ್ಯಾಣಮ್ಮ ರೋಡು ದಾಟಿ ಆ ಕಡೆ ನಿಂತು ನೋಡಿದಳು. ಬೇರೆ ಏನೂ ಅವಳಿಗೆ ಕಾಣಲಿಲ್ಲ, ಜಂಬಣ್ಣ ಒಬ್ಬನೇ ಕಂಡ. ಹದಿನಾಲ್ಕು ತಿಂಗಳ ಮೇಲೆ ಮತ್ತೆ ರೋಡಿಗೆ ಮುಖ ಮಾಡಿ ಕೂತಿದ್ದ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಜೊತೆಗಿದ್ದ ಸರ್ದಾರಬಿಗೆ "ಹಾಳು ಹೊಗಿ, ಕಣ್ಣಾಗ ಹೋತು" ಎಂದಳು.

ಲಿಂಗಸುಗೂರಿನ ಬಸ್ಸು ನಿಧಾನವಾಯಿತು. ಕಂಡಕ್ಟರ್ ಕಿಟಕಿಯಿಂದ ಕೈಮುಗಿದ. "ನೋಡಿದಿ? ಹೊರಗಿಂದು ಚಂದ ಇದ್ರ ಕೈಮುಗೀತಾರ" ಎಂದು ಕಲ್ಯಾಣಮ್ಮ ಅವನತ್ತ ಕೈ ಬೀಸಿದಳು. ಅವನು ಮುಖ ತಿರುಗಿಸಿಕೊಂಡ.

ಆಮೇಲೆ ಪಾಮನಕಲ್ಲೂರಿನ ಒಂದು ಟಂಟಂ ಆಟೊ ಬಂದು ನಿಂತಿತು. ಏಳು ಮಂದಿ ಹೆಂಗಸರು ಇಳಿದರು. ಆರು ರೂಮು, ಏಳು ಮಂದಿ ಎಂದು ಇವಳು ಲೆಕ್ಕ ಹಾಕುವುದರೊಳಗೆ ಅವರು ಸೆರಗು ಬಾಯಿಗಿಟ್ಟು ಒಂದೇ ಸಲಕ್ಕೆ, "ನಮ್ಮಣ್ಣಾ, ಬಸ್ಸು ತಪ್ಪಿದ್ರ ಬಾಗಿಲು ತೆಗಿತಿದ್ದೆಲ್ಲೋ" ಎಂದು ಹಾಡಿಕೊಂಡು ಅಳತೊಡಗಿದರು. ಹಿಂದೆಯೇ ಸಾಲಗುಂದದ ಶಾಮೀದಸಾಬ ಬೈಕು ನಿಲ್ಲಿಸಿ ಬಂದ. ಮೆಣಸಿನಕಾಯಿ ಮಾರಲು ಹೋಗುವಾಗ ಮೊದಲು ಅಲ್ಲಿ ಇಳಿದುಕೊಳ್ಳುತ್ತಿದ್ದವನು.

"ನನಗ ಸುದ್ದಿನ ಗೊತ್ತಿಲ್ಲಮ್ಮಾ. ರೋಡಿನ್ಯಾಗಿಂದ ನೋಡಿ ಎದಿ ಧಸಕ್ ಅಂತು. ಯಾವಾಗಾತು?"

"ವರ್ಷದ ಮ್ಯಾಲಾತಪ್ಪ."

ಶಾಮೀದಸಾಬ ಟಂಟಂ ಡ್ರೈವರನ ಕಡೆ ತಿರುಗಿ ತಗ್ಗಿದ ಧ್ವನಿಯಲ್ಲಿ, "ದುಃಖಕ್ಕ ತಲಿ ನಿಂತಿಲ್ಲ. ಕಟಗಿ ಇನ್ನೂ ಉರಿಯಾಕತ್ತಾವ, ವರ್ಷ ಅಂತಾಳ" ಎಂದ.

ಕಲ್ಯಾಣಮ್ಮ ಸರ್ದಾರಬಿಯನ್ನು ಮೂಲೆಗೆ ಎಳೆದಳು. "ಏನಿದು?"

"ಅಕ್ಕಾ, ಈ ಕಡಿಂದ ಒಮ್ಮಿ ನೋಡು. ಬಿಳಿ ಗ್ವಾಡಿ. ಶಾಮಿಯಾನ. ಸಾಲಿಗೆ ಕುರ್ಚಿ. ಮನೀ ಮುಂದ ಬೆಂಕಿ, ಬೆಂಕಿ ಮ್ಯಾಲ ಹಂಡೆ. ಫೋಟೋಕ್ಕ ಮಾಲಿ, ದೀಪ. ಯಾವ ಮನೀ ಮುಂದ ಹಿಂಗಿರತೈತಿ, ನೀನ ಹೇಳು."

ಕಲ್ಯಾಣಮ್ಮ ನೋಡಿದಳು. ಕಾಣಬೇಕಾದ್ದು ಈಗ ಕಂಡಿತು. ಹೆಣ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿತ್ತು.

"ನಿನಗ ಮೊದಲ ಗೊತ್ತಿತ್ತಾ?"

"ಬಿಳಿ ಬಣ್ಣಕ್ಕ ಅನುಮಾನ ಬಂತು. ಹಂಡೆ ಬಂದ ಮ್ಯಾಲ ಖಾತ್ರಿ ಆತು."

"ಮತ್ಯಾಕ ಹೇಳಲಿಲ್ಲ?"

"ಹೇಳಿದ್ರ ನನ್ನ ಫೋಟೋಕ್ಕ ಮಾಲಿ ಹಾಕ್ತಿದ್ದಿ."

ಈಗ ಕಿತ್ತು ಹಾಕುವಂತೆಯೂ ಇಲ್ಲ. ಮಾತಾಡಿಸಲು ಬಂದವರನ್ನು ಎಬ್ಬಿಸಿ ಕಳಿಸಿದ ಮನೆ ಆ ಸೀಮೆಯಲ್ಲಿ ಇಲ್ಲ. ಹೊಸಬರು ಬಂದಾಗಲೆಲ್ಲ ಮನೆಯವಳು ಕೂತು ಅವರ ಜೊತೆ ಅಳಬೇಕು, ಅದು ಪದ್ಧತಿ. ಮಧ್ಯಾಹ್ನದವರೆಗೆ ಹನ್ನೊಂದು ತಂಡ ಬಂತು. ಐದನೆಯ ತಂಡಕ್ಕೇ ಕಲ್ಯಾಣಮ್ಮನ ಗಂಟಲು ಕೂತಿತು. ದುಃಖದ ಮನೆಯಲ್ಲಿ ಒಲೆ ಹೊತ್ತಿರುವುದಿಲ್ಲವೆಂದು ರೋಡಿನಲ್ಲಿ ಹೋದವರ ಬಾಯಿಂದ ಸುದ್ದಿ ಕೇಳಿದ ದೂರದ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಬಂದರು. ಜೋಳದ ರೊಟ್ಟಿಯ ರಾಶಿ ಸರ್ದಾರಬಿಯ ಸೊಂಟದಷ್ಟಾಯಿತು. ಕಟಾವಿನ ಮಷೀನುಗಳು ಮಾತ್ರ ಬಂದಂತೆ ಬಂದು, ಶಾಮಿಯಾನ ನೋಡಿ ಹಾರ್ನು ನಿಲ್ಲಿಸಿ ಮೆಲ್ಲಗೆ ಮುಂದಕ್ಕೆ ಹೋದವು.

ಆದರೂ ಅವಳಿಗೆ ಒಳಗೊಳಗೇ ಹಗುರಾಯಿತು. ಜಂಬಣ್ಣ ತೀರಿಕೊಂಡ ದಿನ ಆರೂ ರೂಮಿನಲ್ಲಿ ಮಂದಿ ಇದ್ದರು. ಅವರ ಚಹಾ, ನೀರು ನೋಡುತ್ತ ಅವಳ ಅಳು ಅರ್ಧಕ್ಕೆ ನಿಂತಿತ್ತು. ಈಗ ಉಳಿದರ್ಧ ಮುಗಿಯಿತು. ಬಂದವರೆಲ್ಲ ಅವನ ಕಥೆ ಹೇಳಿದರು. ಒಮ್ಮೆ ಇವಳು ತವರಿಗೆ ಹೋದಾಗ ಮಳೆಯಲ್ಲಿ ಬಂದ ಮದುವೆ ದಿಬ್ಬಣಕ್ಕೆ ರೂಮು ಬಿಟ್ಟುಕೊಟ್ಟು ತಾನು ಎತ್ತಿನ ಗಾಡಿಯಲ್ಲಿ ಮಲಗಿದ್ದನಂತೆ. ಇವಳಿಗೆ ಮಾತ್ರ ಆ ರಾತ್ರಿ ಊರಿಗೆ ಹೋಗಿದ್ದೆ ಎಂದಿದ್ದ. ಕಲ್ಯಾಣಮ್ಮ ಅಳುತ್ತಲೇ, "ಸುಳ್ಳ" ಎಂದು ನಕ್ಕಳು.

ಸಂಜೆಗೆ ದೂರದವರಿಗೆ ಬಸ್ಸು ತಪ್ಪಿತು. ಆರೂ ರೂಮು ತೆಗೆದುಕೊಟ್ಟಳು. ಆರೂ ತುಂಬಿದವು. ದುಃಖಕ್ಕೆ ಬಂದವರ ಹತ್ತಿರ ಬಾಡಿಗೆ ಕೇಳುವ ಬಾಯಿ ಕಲ್ಯಾಣಮ್ಮನಿಗೂ ಇರಲಿಲ್ಲ.

ಆ ಹೊತ್ತಿಗೆ ಸಂಗನಬಸವ ಬಂದ. ಅಣ್ಣ ಸತ್ತು ವರ್ಷ ದಾಟಿದೆ, ಅದು ಅವನಿಗೆ ಗೊತ್ತು. ಈಗ ಬೆಂಕಿ ಉರಿಯುತ್ತಿದೆ, ಮಂದಿ ಕೂತಿದ್ದಾರೆ. ಆ ಮನೆಯಲ್ಲಿ ಇನ್ನು ಉಳಿದಿದ್ದವಳು ಒಬ್ಬಳೇ. ದೂರದಲ್ಲೇ ನಿಂತ. ಹೆಂಡತಿಗೆ ಫೋನು ಹಚ್ಚಿ, "ಅತ್ತಿಗಿ ಹೋದ್ಲು, ಎಲ್ಲಾರಿಗೂ ತಿಳಸು" ಎಂದ. ಚಪ್ಪಲಿ ರೋಡಿನಲ್ಲೇ ಬಿಟ್ಟು ಓಡಿ ಬಂದು ಫೋಟೋದ ಮುಂದೆ ಕುಕ್ಕರಿಸಿದ.

"ಅಣ್ಣಾ, ಆಕೀನ್ನೂ ಕರಕೊಂಡ್ಯೇನೋ. ಗೋದಾಮು ಗೋದಾಮು ಅಂದು ನಾನ ಕೊಂದ್ನೋ. ಬಂದ ಗಿರಾಕೀನ್ನೆಲ್ಲ ಬೈದು ಓಡಸ್ತಿದ್ಲು, ಚಹಾದಾಗ ಹಾಲು ಹನಿ ಲೆಕ್ಕದಾಗ ಹಾಕ್ತಿದ್ಲು, ಆದ್ರೂ ಮನಸು ಬೆಣ್ಣಿ ಇತ್ತಲ್ಲೋ. ನಿನ್ನ ಪಾದದಾಣಿ, ಇನ್ನ ಈ ಲಾಡ್ಜಿಗೆ ಕೈ ಹಚ್ಚೂದಿಲ್ಲ."

ಕುರ್ಚಿಯ ಸಾಲಿನಲ್ಲಿ ಯಾರೋ, "ಬೈಯೂದು ಖರೇ ನೋಡ್ರಿ" ಎಂದರು. ನಾಲ್ಕೈದು ತಲೆ ಹೂಂ ಅಂದವು.

"ಯಾರಲೇ ಅದು ಖರೇ ಅಂದಾವ?"

ಕಲ್ಯಾಣಮ್ಮ ಚಹಾದ ಕಿಟ್ಲಿ ಹಿಡಿದು ಹಿಂದೆ ನಿಂತಿದ್ದಳು. ಸಂಗನಬಸವ ತಿರುಗಿ ನೋಡಿದವನು ಕೂತಲ್ಲೇ ಹಿಂದಕ್ಕೆ ಸರಿಯುತ್ತ ಸರಿಯುತ್ತ ಕಟ್ಟಿಗೆಯ ರಾಶಿಗೆ ಹೋಗಿ ಬಡಿದ.

"ಅಳೂದು ಮುಗದಿದ್ರ ಚಹಾ ತಗೋ" ಎಂದಳು. "ಆಣಿ ಮಾಡಿದ್ದನ್ನ ಇಷ್ಟು ಮಂದಿ ಕೇಳ್ಯಾರ."

ಮರುದಿನ ಬಂದವರನ್ನು ಕಳಿಸಿ, ಶಾಮಿಯಾನ ಬಿಚ್ಚಿಸಿ, ಬೆಂಕಿ ಆರಿಸಿ, ಹಂಡೆಯನ್ನು ಹಿತ್ತಲಿಗೆ ಸೇರಿಸಿದಳು. ಫೋಟೋ ಮಾತ್ರ ಅಲ್ಲೇ ಉಳಿಸಿಕೊಂಡಳು. ಆದರೆ ಸಂಗನಬಸವ ಫೋನಿನಲ್ಲಿ ಹೇಳಿದ್ದನ್ನು ಯಾರಿಂದಲೂ ವಾಪಸು ಪಡೆಯಲಾಗಲಿಲ್ಲ. ಕಲ್ಯಾಣಮ್ಮ ಹೋದಳೆಂಬ ಸುದ್ದಿ ಸಿಂಧನೂರು ಮುಟ್ಟಿ, ಅಲ್ಲಿಂದ ಜವಳಗೇರಾದ ಗದ್ದೆಗಳಿಗೂ ಇಳಿದಿತ್ತು.

ಬುಧವಾರ ಬೆಳಿಗ್ಗೆ ಅಂಗಳಕ್ಕೆ ಮೂರು ಕಟಾವಿನ ಮಷೀನು ತಿರುಗಿದವು. ಹನ್ನೆರಡು ಮಂದಿ ಇಳಿದರು. ಮುಂದಿನವನು ಆಂಧ್ರದ ಕಡೆಯ ಡ್ರೈವರ್, ಈ ಸಲ ಹೊಸದಾಗಿ ಬಂದವನು. ಫೋಟೋಕ್ಕೆ ಕೈಮುಗಿದು, ಬಾಗಿಲಲ್ಲಿ ನಿಂತಿದ್ದ ಕಲ್ಯಾಣಮ್ಮನನ್ನು ಕೇಳಿದ.

"ಹಳೇ ಅಮ್ಮಗಾರು ಹೋಗಿಬಿಟ್ರಂತೆ. ನೀವು ಹೊಸಾ ಓನರಾ ಅಮ್ಮಾ?"

ಕಲ್ಯಾಣಮ್ಮ ಬಾಯಿ ತೆರೆದಳು.

"ಆರೂ ರೂಮು ಬೇಕು, ಒಂದು ತಿಂಗಳು" ಎಂದ ಅವನು. "ಹೋದ ವರ್ಷ ನಮ್ಮೋರು ಇಲ್ಲಿ ಇಳಿದಿದ್ರು. ರೂಮು ಬಾಗುಂದಿ, ನೀರೂ ಚೆನ್ನಾಗೈತೆ, ಕಟ್ಟಡ ಹೆಂಗಿದ್ರೇನು. ಆದ್ರೆ ಆ ಅಮ್ಮಗಾರು ಇರೋ ತನಕ ಆ ಕಡೆ ಹೋಗಬ್ಯಾಡ ಅಂದಿದ್ರು. ಈಗ ಬರಬಹುದು ಅಂದ್ರು."

ಕಲ್ಯಾಣಮ್ಮ ಬಾಯಿ ಮುಚ್ಚಿದಳು. ಅವನ ಕಾಲು ನೋಡಿದಳು. ಮೊಣಕಾಲಿನವರೆಗೆ ಗದ್ದೆಯ ಕೆಸರು. ಆಗಷ್ಟೇ ತೊಳೆದ ಮೆಟ್ಟಿಲಿನ ಮೇಲೆ ನಿಂತಿದ್ದ. ಹಿಂದೆ ಇನ್ನೂ ಹನ್ನೊಂದು ಜೋಡಿ.

"ಹೌದಪ್ಪ" ಎಂದಳು ಕೊನೆಗೆ. "ಹೋದ್ಲು. ಪಾಪ."

"ಬಾಳ ಖಡಕ್ ಇದ್ರಂತೆ."

"ಹಳೇ ಅಮ್ಮನ್ನ ನೀವು ನೋಡಬೇಕಿತ್ರಿ, ಹೊಸಾ ಅಮ್ಮಾರ" ಎಂದಳು ಸರ್ದಾರಬಿ ಪೊರಕೆಗೆ ಆನಿಕೊಂಡು. "ಟವಲ್ಲಿಗೂ ಹಾಜರಿ ತಗೋತಿದ್ಲು. ಆದ್ರ ಮನಸು ಚಲೋ ಇತ್ತು."

ಹನ್ನೆರಡು ಮಂದಿಯೂ ನಗುತ್ತ ಮೆಟ್ಟಿಲು ಹತ್ತಿದರು. ಅವರಲ್ಲಿ ಒಬ್ಬ ಜಾರಿ, ಬಿಳಿ ಗೋಡೆಗೆ ಪೂರಾ ಹಸ್ತ ಊರಿ ಸಾವರಿಸಿಕೊಂಡ. ಐದೂ ಬೆರಳು ಮೂಡಿದವು. ಕಲ್ಯಾಣಮ್ಮ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕಂಬದಂತೆ ನಿಂತಿದ್ದಳು.

"ಅಕ್ಕಾ" ಎಂದಳು ಸರ್ದಾರಬಿ ಮೆಲ್ಲಗೆ, "ಉಸರಾಡು."

"ಸತ್ತೋರು ಉಸರಾಡೂದಿಲ್ಲ" ಎಂದಳು ಕಲ್ಯಾಣಮ್ಮ. "ಸುಮ್ಮನ ಕೀಲಿ ಕೊಡು."