ಶೀತಲ ಪೆಟ್ಟಿಗೆಯ ಕಲಮು

ಮೂವತ್ತೆಂಟು ಕಾನೂನುಗಳನ್ನು ಒಂದೇ ಏಟಿಗೆ ತಿದ್ದಿದ ಹೊಸ ಕಾಯ್ದೆಯಲ್ಲಿ ‘ಶೀತಲ ಪೆಟ್ಟಿಗೆ’ ಎಂಬ ಪದಕ್ಕೆ ಅರ್ಥ ಬರೆದವರು ಹಾಲು, ಮೀನು, ಐಸ್‌ಕ್ರೀಮುಗಳನ್ನು ನೆನೆದಿದ್ದರು, ಹೆಣವನ್ನು ಮರೆತಿದ್ದರು. ಹೆಣವಿಡುವ ಫ್ರೀಜರ್ ಬಾಕ್ಸನ್ನು ಬಾಡಿಗೆಗೆ ಕೊಟ್ಟು ಬದುಕುತ್ತಿದ್ದ ಜಗನ್ನಾಥನಿಗೆ ಇದ್ದದ್ದು ಅದೊಂದೇ ಪೆಟ್ಟಿಗೆ. ಆ ಬೆಳಿಗ್ಗೆ ಅದರೊಳಗೆ ಆರ್‌ಪಿಸಿ ಲೇಔಟಿನ ಮುನಿರಾಮಯ್ಯನವರು ತಮ್ಮ ಮನೆಯಲ್ಲೇ ಮಲಗಿದ್ದರು. ಮಗಳು ಬೀದರಿನಿಂದ ಬರುವ ತನಕ ಅವರನ್ನು ಕಾಪಾಡಬೇಕಿತ್ತು.

ಹೂವಿನ ಹಾರಕ್ಕಿಂತ ಮೊದಲು ಬಂದವರು ತಪಾಸಣೆಯ ಇನ್‌ಸ್ಪೆಕ್ಟರು.

“ಲೇಬಲ್ ಎಲ್ಲಿ? ಒಳಗಿರೋ ಮಾಲು, ತುಂಬಿದ ತಾರೀಖು, ಯಾವತ್ತಿನೊಳಗೆ ಖರ್ಚು ಮಾಡ್ಬೇಕು, ಎಲ್ಲಾ ಹಾಕಿರ್ಬೇಕು.”

“ಒಳಗಿರೋರು ನಮ್ಮನೆಯವ್ರು ಸಾರ್,” ಎಂದು ದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಗೊತ್ತಮ್ಮ. ಆದ್ರೆ ಕಾಯ್ದೇಲಿ ಅವ್ರಿಗೆ ಬೇರೆ ಜಾಗ ಇಲ್ಲ. ಪೆಟ್ಟಿಗೆ ಸೀಜ್ ಮಾಡ್ಬೇಕಾಗುತ್ತೆ.”

ಜಗನ್ನಾಥನ ಮುಖ ಒಳಗಿದ್ದವರ ಮುಖಕ್ಕಿಂತ ಬಿಳುಚಿಕೊಂಡಿತು. “ಅದು ಹೋದ್ರೆ ನಾನೂ ಹೋದಂಗೆ ಸಾರ್!”

ಎದುರುಮನೆಯ ನಿವೃತ್ತ ಶಿರಸ್ತೇದಾರ ಸುಧೀಂದ್ರರಾಯರು ಮೊಬೈಲಿನಲ್ಲಿ ಕಾಯ್ದೆಯನ್ನು ಉಜ್ಜುತ್ತ ಮುಂದೆ ಬಂದರು. “ಇಲ್ನೋಡಿ! ಮನೆಯವರ ಸ್ವಂತ ಪೆಟ್ಟಿಗೆಗೆ ವಿನಾಯ್ತಿ. ಲೋ ಜಗನ್ನಾಥ, ದಾನಮ್ಮನ ಹೆಸ್ರಿಗೆ ಬರ್ಕೊಟ್ಬಿಡು. ಸಾಯಂಕಾಲ ವಾಪಸ್ ಬರೆಸ್ಕೊಂಡ್ರಾಯ್ತು ಕಣೋ.”

ಹೆಣವನ್ನು ನೆಲಕ್ಕಿಳಿಸುವ ಧೈರ್ಯ ಇನ್‌ಸ್ಪೆಕ್ಟರಿಗೂ ಇರಲಿಲ್ಲ; ತಲೆಯಾಡಿಸಿದರು. ಜಗನ್ನಾಥ ಬಿಳಿಹಾಳೆಯ ಮೇಲೆ ದಾನಪತ್ರ ಬರೆದು ರುಜು ಹಾಕಿದ. ರಾಯರೇ ಸಾಕ್ಷಿ.

ಸಂಜೆ, ಮಣ್ಣು ಮುಗಿದ ಮೇಲೆ, ಅವನು ಪೆಟ್ಟಿಗೆಗೆ ಕೈಹಾಕುವಷ್ಟರಲ್ಲಿ ಇನ್‌ಸ್ಪೆಕ್ಟರು ಏದುಸಿರು ಬಿಡುತ್ತ ಮತ್ತೆ ಬಂದರು.

“ಈಗ ಮೇಲಿಂದ ಫೋನ್ ಬಂತಪ್ಪ. ಲೇಬಲ್ ಕಲಮು ಇನ್ನೂ ಜಾರಿಗೇ ಬಂದಿಲ್ವಂತೆ.”

“ಬದುಕ್ಕೊಂಡೆ! ತಗೊಂಡ್ಹೋಗ್ತೀನಿ ಸಾರ್.”

“ಮುಟ್ಬೇಡ! ಮಾಲೀಕತ್ವ ಬದಲಾವಣೆ ಕಲಮು ಮಧ್ಯಾಹ್ನದಿಂದ ಜಾರಿಯಾಗಿದೆ. ಹಳೇ ಪೆಟ್ಟಿಗೇನ ಮಾರೋಕೆ, ದಾನ ಕೊಡೋಕೆ ಪರವಾನಗಿ ಬೇಕು.”

“ಮತ್ತೆ ಬೆಳಿಗ್ಗೆ ನಾನು ಬರ್ಕೊಟ್ಟಿದ್ದು?”

“ಅದು ಬೆಳಿಗ್ಗೆ. ಆಗ ಕಲಮೇ ಇರ್ಲಿಲ್ಲ. ಸಿಂಧು.”

“ಪರವಾನಗಿ ಯಾರು ಕೊಡ್ತಾರೆ?”

“ಆ ಅಧಿಕಾರೀನ ಇನ್ನೂ ನೇಮಿಸಿಲ್ಲ. ಅಲ್ಲೀವರೆಗೂ ದಾನಮ್ಮೋರೇ ಮಾಲೀಕರು. ಬಾಡಿಗೆಗೆ ಬೇಕಾದ್ರೆ ಬಿಡ್ಬಹುದು.”

ಗೇಟಿನ ಬಳಿ ನಿಂತು ಕೇಳುತ್ತಿದ್ದ ರಾಯರು ಮೊಬೈಲನ್ನು ಜೇಬಿಗಿಳಿಸಿ, ಸದ್ದಿಲ್ಲದೆ ರಸ್ತೆ ದಾಟಿ, ತಮ್ಮ ಮನೆಯ ಬಾಗಿಲು ಹಾಕಿಕೊಂಡರು.

ಅದೇ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಬಾಪೂಜಿ ನಗರದವನೊಬ್ಬ ಇಳಿದು ಕೈಮುಗಿದ. “ಫ್ರೀಜರ್ ಬಾಕ್ಸ್ ಈ ಮನೇಲಿದೆ ಅಂದ್ರು. ನಮ್ಮಜ್ಜಿ ಹೋಗ್ಬಿಟ್ರು.”

ದಾನಮ್ಮ ಬಂದವನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು:

“ಜಗನ್ನಾಥ, ಬಾಡಿಗೆ ಎಷ್ಟು ಹೇಳ್ಬೇಕಪ್ಪ? ಹೊತ್ಕೊಂಡು ಹೋಗೋಕೆ ನೀನೇ ಬಾ, ಕೂಲಿ ಕೊಡ್ತೀನಿ.”