ಎಸ್ಪೊಸಿಟೊ ಮನೆತನಕ್ಕೊಂದು ಸನ್ಮಾನ ಪತ್ರ

ಒಬ್ಬರನ್ನು ಹೊಗಳುವುದರಲ್ಲಿ ತಪ್ಪಾಗಲು ಸಾಧ್ಯವೇ ಇಲ್ಲ ಎಂದು 2017ರ ಮೇ ತಿಂಗಳವರೆಗೆ ನಾನು ದೃಢವಾಗಿ ನಂಬಿದ್ದೆ.

ಪರದೇಶದಲ್ಲಿ ನಾವು ನೆಲೆಸಿದ್ದ ಅರೋರಾ ಊರಿನಲ್ಲಿ ನಮ್ಮ ಪಕ್ಕದ ಮನೆಯ ಎಸ್ಪೊಸಿಟೊ ಇಟಲಿಯ ನೇಪಲ್ಸ್ ಕಡೆಯವರು. ಅವರ ಹಿತ್ತಲಲ್ಲೊಂದು ಗಾಜಿನ ಮನೆ. ಒಡೆದ ಒಂದು ಗಾಜಿನ ಜಾಗಕ್ಕೆ ರಟ್ಟು ಸಿಕ್ಕಿಸಿದ್ದರು. ಅದರೊಳಗೆ ಅವರ ಟೊಮೆಟೊ ಪಕ್ಕದಲ್ಲಿ ನನ್ನ ಹೆಂಡತಿ ಸುಮಂಗಲೆಯ ನಲವತ್ತು ಬ್ಯಾಡಗಿ ಮೆಣಸಿನ ಸಸಿಗಳು ಬೆಳೆಯುತ್ತಿದ್ದವು. ಹೊರಗಿನ್ನೂ ಚಳಿ. ಅವರು ಮುನಿಸಿಕೊಂಡರೆ ಆ ವರ್ಷ ನಮಗೆ ಖಾರವಿಲ್ಲ.

ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಕರೆ ಬಂತು.

"ಒಂದು ಕೇಕ್ ಒಯ್ದ್ರ ಸಾಕ್ರಿ. ನನ್ನ ಸಸಿ ನೆನಪಿಟ್ಕೋರಿ," ಎಂದಳು ಸುಮಂಗಲೆ.

"ನಾವು ಧಾರವಾಡದಾವ್ರು. ಶಾಲು ಹೊದಿಸಿ, ಸನ್ಮಾನ ಪತ್ರ ಓದೇ ಬರ್ತೀವಿ," ಎಂದೆ.

ಸನ್ಮಾನ ಪತ್ರವೆಂದ ಮೇಲೆ ಮನೆತನದ ವರ್ಣನೆ ಬೇಕಲ್ಲ! ನಮ್ಮ ಕಡೆಯಂತೆ ಇಟಲಿಯವರ ಅಡ್ಡಹೆಸರಿನಲ್ಲೂ ಕಸುಬು, ಊರು, ಮೈಬಣ್ಣ ಎಲ್ಲ ಇದೆಯೆಂದು ತಿಳಿದು ಊರಿಗೆ ಹೋದಷ್ಟು ಖುಷಿಯಾಯಿತು. ಅವರ ಅಳಿಯ ಫೆರಾರೊ ಎಂದರೆ ಕಮ್ಮಾರ. ಬೀಗರು ರುಸ್ಸೊ, ಅಂದರೆ ಕೆಂಪುಕೂದಲಿನವರು. ಈಗ ಅವರ ತಲೆ ಪೂರ್ತಿ ಬೋಳು, ಆದರೆ ಇತಿಹಾಸ ಇತಿಹಾಸವೇ. ಎಸ್ಪೊಸಿಟೊ ಎಂದರೆ "ಪ್ರಾಚೀನ ರಾಜಮನೆತನ" ಎಂದು ಒಂದು ವೆಬ್‌ಸೈಟು ಸಿಂಹದ ಲಾಂಛನ ಸಮೇತ ಘೋಷಿಸಿತ್ತು. ಅದೇ ಲಾಂಛನದ ಕಾಫಿ ಮಗ್ಗುಗಳನ್ನೂ ಮಾರುತ್ತಿತ್ತು.

"ಅಪ್ಪಾ, ಪ್ಲೀಸ್, ಇನ್ನೊಂದು ಸೈಟ್ ಚೆಕ್ ಮಾಡು," ಎಂದಳು ಮಗಳು ಮೇಘಾ. ಸಿಂಹ ಸಿಕ್ಕ ಮೇಲೆ ಇನ್ನೇನು ಹುಡುಕುವುದು!

ಪಾರ್ಟಿಯಲ್ಲಿ ನನ್ನ ವಿವರಣೆ ಕೇಳಿ ಕಮ್ಮಾರ ನಕ್ಕ. ಬೋಳುತಲೆಯವರು ಚಪ್ಪಾಳೆ ತಟ್ಟಿದರು. ನನಗೆ ಹುರುಪು ಏರಿತು. ಹಿರಿಯರಿಗೆ ಶಾಲು ಹೊದಿಸಿ, ಸಿಂಹವನ್ನೂ ಅಚ್ಚು ಹಾಕಿಸಿದ್ದ ಮೂರಡಿಯ ಫ್ರೇಮು ಎತ್ತಿ ಹಿಡಿದು, "ಸಿಂಹಲಾಂಛನಧಾರಿ ರಾಜವಂಶದ ಕುಲತಿಲಕರೇ" ಎಂದು ಓದತೊಡಗಿದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಉದ್ದವಾಗಿತ್ತು.

ಎಸ್ಪೊಸಿಟೊ ಶಾಲು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ನಮ್ಮ ಮೂಲಪುರುಷನನ್ನು ಯಾರೋ ಅನಾಥಾಲಯದ ಬಾಗಿಲಲ್ಲಿ ಬಿಟ್ಟು ಹೋಗಿದ್ದರು. ಅಂಥ ಕೂಸುಗಳಿಗೆ ಇಡುತ್ತಿದ್ದ ಹೆಸರು ಇದು."

ಸುಮಂಗಲೆ ನನ್ನ ಅಂಗಿ ಜಗ್ಗಿದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಫ್ರೇಮು ಹಾಕಿಸಿದವನು ನಾನು!

"ಇಲ್ಲ ಸರ್, ನಿಮಗೆ ಸರಿಯಾಗಿ ಗೊತ್ತಿಲ್ಲ," ಎಂದು ಅವರ ವಂಶದ ಬಗ್ಗೆ ಅವರೊಂದಿಗೇ ಹತ್ತು ನಿಮಿಷ ವಾದಿಸಿದೆ. ಸಾಕ್ಷಿಗೆ ಸಿಂಹದ ಬಾಲವನ್ನೂ ತೋರಿಸಿದೆ.

ಪೂರ್ತಿ ಕೇಳಿಸಿಕೊಂಡು ಅವರು ಕೇಳಿದರು, "ನಿಮ್ಮ ಅಡ್ಡಹೆಸರಿನ ಅರ್ಥವೇನು?"

"ಮೆಣಸಿನಕಾಯಿ."

"ನಿಮ್ಮವರು ರಾಜರೇ?"

"ಅಲ್ಲ. ಸಂತೆಯಲ್ಲಿ ಮಾರುತ್ತಿದ್ದರು."

ಅವರು ಫ್ರೇಮು ಎತ್ತಿಕೊಂಡು ಹಿತ್ತಲಿಗೆ ನಡೆದರು.

ಮರುದಿನ ಬೆಳಿಗ್ಗೆ ಸುಮಂಗಲೆ ಸಸಿಗಳನ್ನು ವಾಪಸ್ ತರಲು ಖಾಲಿ ಬುಟ್ಟಿ ಹಿಡಿದು, ನನ್ನನ್ನೂ ಕರೆದುಕೊಂಡು ಹೊರಟಳು. "ಕ್ಷಮಾ ಕೇಳ್ರಿ. ವಂಶದ ಮಾತು ತೆಗೀಬ್ಯಾಡ್ರಿ," ಎಂದು ದಾರಿಯಲ್ಲೇ ಎಚ್ಚರಿಸಿದಳು.

ಗಾಜಿನ ಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ರಟ್ಟಿದ್ದ ಜಾಗದಲ್ಲಿ ನನ್ನ ಸನ್ಮಾನ ಪತ್ರವನ್ನು ನಾಲ್ಕು ಮೊಳೆ ಹೊಡೆದು ಕೂರಿಸಿದ್ದರು. ಶಾಲು ಹೊದ್ದೇ ನಮ್ಮ ಸಸಿಗಳಿಗೆ ನೀರು ಹಾಕುತ್ತಿದ್ದ ಎಸ್ಪೊಸಿಟೊ, "ಬನ್ನಿ. ಸಿಂಹ ನಿಮ್ಮ ಮನೆತನವನ್ನು ಕಾಯುತ್ತಿದೆ," ಎಂದರು. ನನಗೆ ನಾಚಿಕೆಯೂ ಆಯಿತು, ಅವರ ಮೇಲೆ ಪ್ರೀತಿಯೂ ಉಕ್ಕಿತು. ಕ್ಷಮೆ ಕೇಳಿದೆ. ಸುಮಂಗಲೆ ಬುಟ್ಟಿ ಕೆಳಗಿಟ್ಟಳು.

ಆ ವರ್ಷ ಮೆಣಸಿನಕಾಯಿ ಭರ್ಜರಿಯಾಗಿ ಬಂತು. ನನ್ನ ಬರವಣಿಗೆಯಿಂದ ಇದುವರೆಗೆ ಆಗಿರುವ ಉಪಕಾರ ಅದೊಂದೇ: ಗಾಳಿ ಒಳಗೆ ಬರಲಿಲ್ಲ.